ಎಡಸುತ್ತಿನ ಶರ್ಯತ್ತು

ನನ್ನ ಗಂಡ ಹಾವಗೆಪ್ಪನಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲ. ಮೋಟಾರಿನ ಬಗ್ಗೆ ಮಾತಾಡಲು ಮಾತ್ರ ಇಡೀ ಭಾಲ್ಕಿಯಲ್ಲಿ ಅವನಷ್ಟು ಯಾರಿಗೂ ಬರುತ್ತಿರಲಿಲ್ಲ. ಎದುರಿಗೆ ಅವನಿಗೆ ‘ರೀ’ ಅನ್ನುತ್ತಿದ್ದೆ, ‘ನೀವು’ ಅನ್ನುತ್ತಿದ್ದೆ. ಇಲ್ಲಿ ಅಷ್ಟು ಮರ್ಯಾದೆ ನನ್ನಿಂದಾಗದು.

ಮೋಟಾರು ನಡೆಸುತ್ತಿದ್ದವನು ನನ್ನ ತಮ್ಮ ಬಕ್ಕಪ್ಪ. ಅವ್ವ ಸತ್ತಾಗ ಅವನಿಗೆ ಇನ್ನೂ ಹಾಲುಹಲ್ಲು. ನನ್ನ ಮದುವೆಯಾದಾಗ ಎಕಂಬಾದಿಂದ ನನ್ನ ಸೆರಗು ಹಿಡಿದುಕೊಂಡೇ ಗಂಡನ ಮನೆಗೆ ಬಂದ. ಆ ಮನೆಯವರು ಅವನಿಗೆ ಅನ್ನ ಹಾಕಿದರು, ಹಾಕಿದ್ದನ್ನು ದಿನಾ ನೆನಪಿಸಿದರು. ದನ ಕಾದ, ಸಗಣಿ ಬಳಿದ, ಮೀಸೆ ಮೂಡಿದ ಮೇಲೆ ಬೀದರಿಗೆ ಹೋಗಿ ಖಾಸಿಂ ಅಲಿಯ ಕೈಕೆಳಗೆ ಮೋಟಾರು ಕಲಿತು ಬಂದ. ಆಗ ಹಾವಗೆಪ್ಪ ಒಂದು ಜೋಡಿ ಎತ್ತು ಮಾರಿದ, ಎಕಂಬಾದಲ್ಲಿ ನನ್ನಪ್ಪ ನನ್ನ ಹೆಸರಿಗೆ ಕೊಟ್ಟಿದ್ದ ಹೊಲವನ್ನೂ ಮಾರಿದ, ಹೈದರಾಬಾದಿನಿಂದ ಒಂದು ಹಳೇ ಮೋಟಾರು ತಂದ. ಅದು ಭಾಲ್ಕಿ ಬಿಟ್ಟು ಕಮಲನಗರ ಹಾಯ್ದು ಔರಾದಿಗೆ ಹೋಗಿ ಬರುತ್ತಿತ್ತು. ಜನ, ಜೋಳದ ಚೀಲ, ಕೋಳಿ, ಬಾಣಂತಿ, ಎಲ್ಲ ಅದರಲ್ಲೇ. ಬಕ್ಕಪ್ಪನಿಗೆ ಪಗಾರ ಅಂತ ಏನೂ ಇರಲಿಲ್ಲ. “ಮನಿ ಹುಡುಗಗ ಪಗಾರ ಎದಕ?” ಅನ್ನುತ್ತಿದ್ದ ಹಾವಗೆಪ್ಪ. ಮನೆಯ ಹುಡುಗ ಅನ್ನುವುದು ಕೆಲಸ ಹೇಳುವಾಗ ಮಾತ್ರ. ಊಟಕ್ಕೆ ಕೂತಾಗ ಅವನು ಹೆಂಡತಿಯ ತಮ್ಮ.

ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನನಗೆ ಮಕ್ಕಳಾಗಿರಲಿಲ್ಲ. ಇನ್ನೊಂದು ಹೆಣ್ಣು ತರುವ ಮಾತು ಆ ಮನೆಯಲ್ಲಿ ಹಬ್ಬಕ್ಕೊಮ್ಮೆ ಏಳುತ್ತಿತ್ತು, ಹಬ್ಬ ಮುಗಿದ ಮೇಲೆ ಮಲಗುತ್ತಿತ್ತು.

ಔರಾದಿನಲ್ಲಿ ಅರಿವೆ ಅಂಗಡಿಯ ಶಿವರಾಜಪ್ಪನಿಗೆ ಶಾಂತಾಬಾಯಿ ಅಂತ ಒಬ್ಬಳು ಮಗಳು. ಮೋಟಾರು ಅವರ ಅಂಗಡಿಯ ಮುಂದೆಯೇ ನಿಲ್ಲುತ್ತಿತ್ತು. ಬಕ್ಕಪ್ಪ ಇಂಜಿನ್ನಿಗೆ ನೀರು ಬೇಕೆಂದು ಅವರ ಮನೆಗೇ ಹೋಗುತ್ತಿದ್ದ. ಊರ ಬಾವಿ ಅದಕ್ಕಿಂತ ಹತ್ತಿರವಿತ್ತು. ನಾನೇ ಹೋಗಿ ಹೆಣ್ಣು ಕೇಳಿದೆ. ಶಿವರಾಜಪ್ಪ ಕೆಟ್ಟವನಲ್ಲ. ನೆಟ್ಟಗೆ ಹೇಳಿದ.

“ಹುಡುಗ ಛಲೋ ಅದಾನವ್ವ. ಆದ್ರ ಅಕ್ಕನ ಮನ್ಯಾಗ ಉಣ್ಣೋ ಹುಡುಗಗ ಹ್ಯಾಂಗ ಕೊಡ್ಲಿ? ನಾಳಿ ನನ್ನ ಮಗಳೂ ನಿಮ್ಮ ಮನ್ಯಾಗ ಹಂಗಿನ ರೊಟ್ಟಿ ತಿನ್ಬೇಕಾಗ್ತದ. ತನ್ನದೇ ಒಂದು ಒಲಿ ಹಚ್ಚಲಿ, ಕೊಡ್ತೇನಿ.”

ಒಲೆ ಹಚ್ಚಲು ಪಗಾರ ಬೇಕು. ಅದು ಎಲ್ಲಿಂದ ಬರಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ನವಾಬ ಫಕ್ರೋದ್ದೀನ ಸಾಹೇಬರಿಗೆ ಹುಚ್ಚು ಹಿಡಿಯಿತು.

ಈ ನವಾಬರು ಬೀದರಿನ ಹತ್ತಿರ ಒಂದು ಸಣ್ಣ ಜಾಗೀರಿನ ಧಣಿ. ಭಾಲ್ಕಿಯಿಂದ ಔರಾದಿಗೆ ಟಪಾಲು ಒಯ್ಯುವ ಗುತ್ತಿಗೆ ಆ ವರ್ಷ ಅವರಿಗೆ ಸಿಕ್ಕಿತ್ತು. ಅವರು ಮುಂಬಯಿಗೆ ಹೋಗಿ ಬಂದಿದ್ದರು, ಅಲ್ಲಿ ಯಾರದೋ ಮನೆಯಲ್ಲಿ ವಿಲಾಯತಿಯ ಚಿತ್ರದ ಪೇಪರು ನೋಡಿದ್ದರು. ಅದರಲ್ಲಿ ಮೋಟಾರುಗಳು ಗುಂಡಗಿನ ದಾರಿಯಲ್ಲಿ ಒಂದರ ಬೆನ್ನು ಒಂದು ಹತ್ತಿ ಓಡುತ್ತಿದ್ದವಂತೆ. ಅಷ್ಟೇ ಸಾಕಾಯಿತು. ಬೀದರಿನ ಮಗ್ಗುಲಿನ ಮೈಲೂರಿನ ಆಚೆ ಅವರು ಕುದುರೆ ಪಳಗಿಸುವ ಮೈದಾನವೊಂದಿತ್ತು. ನಡುವೆ ಹುಲ್ಲು, ಸುತ್ತಲೂ ಕೆಂಪು ಮುರುಮು ಮಣ್ಣಿನ ದಾರಿ, ತತ್ತಿಯ ಆಕಾರ. ಔರಾದಿನ ಟಪಾಲು ಬೇಕಾದವರು ತಮ್ಮ ಮೋಟಾರು ತಂದು ಅದರಲ್ಲಿ ಶರ್ಯತ್ತು ಓಡಿಸಬೇಕು, ಗೆದ್ದ ಮೋಟಾರಿಗೆ ಟಪಾಲು, ಗೆದ್ದ ಡ್ರೈವರನಿಗೆ ನವಾಬರ ಕಡೆಯಿಂದಲೇ ತಿಂಗಳ ಪಗಾರ ಎಂದು ಡಂಗುರ ಹೊಡೆಸಿದರು. ಇನ್ನೊಂದು ಶರತ್ತೂ ಇತ್ತು. ಮೋಟಾರು ದಿನಾ ಜನರನ್ನು ಹೊತ್ತು ಹೇಗೆ ಓಡುತ್ತದೋ ಹಾಗೇ ಬರಬೇಕು. ಸೀಟು ಕೀಳುವಂತಿಲ್ಲ, ಮೇಲಿನ ಟಪ್ಪು ಬಿಚ್ಚುವಂತಿಲ್ಲ, ಹಗುರ ಮಾಡುವಂತಿಲ್ಲ.

ಗೆದ್ದ ಡ್ರೈವರನಿಗೆ ಪಗಾರ ಅಂದದ್ದು ಕೇಳಿ ಬಕ್ಕಪ್ಪ ಅಡುಗೆ ಮನೆಯ ಬಾಗಿಲಲ್ಲಿ ಬಂದು ನಿಂತ. ನಾನು ರೊಟ್ಟಿ ಬಡಿಯುತ್ತಿದ್ದೆ.

“ಔರಾದದಾಗ ಮನಿ ಬಾಡಿಗಿಗಿ ಸಿಗ್ತದೇನೋ?” ಎಂದು ಕೇಳಿದೆ.

“ಅಂಗಡಿ ಹಿಂದ ಒಂದು ಖೋಲಿ ಅದ ಅಕ್ಕ. ನೋಡಿ ಬಂದೀನಿ,” ಅಂದ. ಇಷ್ಟು ಹೇಳಿ ನಾಚಿ ಹೊರಗೆ ಹೋದ.

ನಮ್ಮ ಮೋಟಾರಿನ ನಾಲ್ಕು ಟೈರಿನಲ್ಲಿ ಎರಡು ಹೊಸವು, ಎರಡು ಸವೆದವು. ಸವೆದದ್ದಕ್ಕೆ ಮೋಚಿ ಒಳಗಿಂದ ಚಕ್ಕಳ ಹಾಕಿ ಹೊಲಿದುಕೊಟ್ಟಿದ್ದ. ದಾರಿಯ ಮೇಲೆ ಹೊಸವು ಎರಡೂ ಹಿಂದೆ ಇರುತ್ತಿದ್ದವು. ಶರ್ಯತ್ತಿಗೆ ಎಲ್ಲಿರಬೇಕು ಎಂಬುದನ್ನು ಹಾವಗೆಪ್ಪ ತೀರ್ಮಾನಿಸಿದ. ಅವನು ಮೋಟಾರು ತರುವ ಮೊದಲು ಭಾಲ್ಕಿಗೆಲ್ಲ ಹಂತಿ ಹೊಡೆಯುವುದರಲ್ಲಿ ಹೆಸರಾದವನು. ಕಣದ ನಡುವಿನ ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವಾಗ ಮುದಿ ಎತ್ತು ಮೇಟಿಯ ಹತ್ತಿರ ಇರುತ್ತದೆ, ಗಟ್ಟಿ ಎತ್ತು ಹೊರಗಡೆ ಇರುತ್ತದೆ. ಹೊರಗಿನದಕ್ಕೆ ನಡೆ ಹೆಚ್ಚು, ಭಾರ ಹೆಚ್ಚು. ಮೋಟಾರಿಗೂ ಅದೇ ಲೆಕ್ಕ ಅಂದ. ಹೊಸ ಟೈರು ಎರಡೂ ಹೊರಮಗ್ಗುಲಿಗೆ. ಕಣದಲ್ಲಿ ಎತ್ತು ಬಲಸುತ್ತು ತಿರುಗುತ್ತವೆ, ಗುಡಿಯಲ್ಲಿ ಜನ ಬಲಸುತ್ತು ತಿರುಗುತ್ತಾರೆ, ಆದ್ದರಿಂದ ಹೊರಮಗ್ಗುಲು ಅಂದರೆ ಎಡಗಡೆ.

ಸುಳ್ಳು ಹೇಳಬಾರದು, ಮಾತು ಛಂದಿತ್ತು. ಕಟ್ಟೆಯ ಮೇಲೆ ಕೂತವರೆಲ್ಲ ತಲೆದೂಗಿದರು. ಖುದ್ದು ಬಕ್ಕಪ್ಪನೇ “ಹೌದ್ರಿ ಭಾವಾ, ಖರೆ ಅದ” ಅಂದ. ಹಾವಗೆಪ್ಪ ಆ ಮಾತನ್ನು ಸಂತೆಯಲ್ಲಿ ಹೇಳಿದ, ಮಠದಲ್ಲಿ ಹೇಳಿದ, ಮೋಟಾರಿನಲ್ಲಿ ಕೂತ ಪ್ರತಿಯೊಬ್ಬರಿಗೂ ಹೇಳಿದ. ‘ಒಕ್ಕಲಿಗನ ಬುದ್ಧಿ ನೋಡ್ರಿ, ನವಾಬಗೂ ಇಲ್ಲ’ ಎಂದು ಜನ ಹೊಗಳಿದರು. ಯಾವ ಕಡೆ ಸುತ್ತುತ್ತಾರೆ ಎಂದು ಬೀದರಿಗೆ ಹೋಗಿ ಕೇಳಿ ಬರಬೇಕು ಎಂದು ಒಬ್ಬನಿಗೂ ಹೊಳೆಯಲಿಲ್ಲ. ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಯಾರಾದರೂ ಕೇಳುತ್ತಾರೆಯೇ?

ಹೊರಡುವ ದಿನ ಮಠದ ಅಯ್ಯನವರನ್ನು ಕರೆಸಿ ನಾಲ್ಕೂ ಗಾಲಿಗೆ ವಿಭೂತಿ ಹಚ್ಚಿಸಿ, ಕಾಯಿ ಒಡೆಸಿ, ಭಾಲ್ಕಿಯ ಅರ್ಧ ಜನರನ್ನು ಎತ್ತಿನ ಗಾಡಿಗಳಲ್ಲಿ ಮುಂದೆ ಕಳಿಸಿ ನಾವು ಬೀದರಿಗೆ ಬಂದೆವು.

ಮೈದಾನದಲ್ಲಿ ಜಾತ್ರೆಗಿಂತ ಹೆಚ್ಚು ಜನ. ನವಾಬರ ಡೇರೆ ಒಂದು ಕಡೆ, ಹೆಂಗಸರಿಗೆ ಬಟ್ಟೆಯ ಕನಾತು ಕಟ್ಟಿದ ಜಾಗ ಇನ್ನೊಂದು ಕಡೆ. ಆರು ಮೋಟಾರು ಬಂದಿದ್ದವು. ಬಕ್ಕಪ್ಪನಿಗೆ ಕಲಿಸಿದ ಉಸ್ತಾದ, ಈಗ ನಮ್ಮ ದಾರಿಯಲ್ಲಿ ನಮಗೆ ಪೈಪೋಟಿಯಾಗಿ ಓಡುತ್ತಿದ್ದ ಖಾಸಿಂ ಅಲಿಯ ಮೋಟಾರೂ ಇತ್ತು. ಅವನು ಬಂದು ಬಕ್ಕಪ್ಪನ ಬೆನ್ನು ತಟ್ಟಿದ, ನಮ್ಮ ಗಾಲಿಗಳನ್ನು ನೋಡಿದ, ಮುಖ ಸಣ್ಣದು ಮಾಡಿದ.

“ಬೇಟಾ, ಹೊಸಾ ಟೈರು ಎಡಕ್ಕ ಯಾಕ ಹಾಕೀದಿ? ಇಲ್ಲಿ ಘೋಡಾ ಎಲ್ಲಾ ಎಡಸುತ್ತು ತಿರುಗ್ತಾವ. ನವಾಬ ಸಾಹೇಬ್ರು ಮೋಟಾರನೂ ಹಂಗೇ ಬಿಡ್ತಾರ. ಭಾರ ಎಲ್ಲಾ ಬಲಗಡಿ ಬೀಳ್ತದ. ಟೈಮ್ ಅದ. ನಮಾಜ್ ಆಗಿ, ಖಾನಾ ಆಗಿ, ಆಮ್ಯಾಲ ಶರ್ಯತ್ತು. ಬದಲಿ ಮಾಡ್ಕೊ.”

ಪೈಪೋಟಿಯವನು ಬಂದು ಹೇಳಿದ ಮಾತು ಇದು. ಇದನ್ನು ನಾನು ಖಾಸಿಂ ಅಲಿಯ ಲೆಕ್ಕದಲ್ಲಿ ಇಂದಿಗೂ ಬರೆದಿಟ್ಟುಕೊಂಡಿದ್ದೇನೆ. ಬಕ್ಕಪ್ಪ ಆಗಲೇ ಜಾಕು ತೆಗೆದು ಮೋಟಾರಿನ ಕೆಳಗೆ ತೂರಿದ್ದ. ಹಾವಗೆಪ್ಪ ಬಂದವನೇ ಅದನ್ನು ಕಾಲಿನಿಂದ ಸರಿಸಿದ.

“ಏನ್ ನಡಸೀದಿ?”

ಬಕ್ಕಪ್ಪ ಹೇಳಿದ. ಹಾವಗೆಪ್ಪನ ಹಿಂದೆ ಭಾಲ್ಕಿಯವರೆಲ್ಲ ನಿಂತಿದ್ದರು. ಹಂತಿಯ ಮಾತು ಕೇಳಿ ತಲೆದೂಗಿದವರೇ ಎಲ್ಲ. ಹಾವಗೆಪ್ಪ ಅವರ ಕಡೆ ಒಮ್ಮೆ ನೋಡಿದ. ಅವನ ಮುಖದಲ್ಲಿ ಏನು ಓಡುತ್ತಿದೆ ಎಂದು ನನಗೆ ಪುಸ್ತಕ ಓದಿದಷ್ಟು ಸ್ಪಷ್ಟವಾಗಿ ಕಾಣಿಸಿತು. ಗಾಲಿ ಬದಲಿಸಿದರೆ ಟಪಾಲು ಸಿಗಬಹುದು. ಆದರೆ ತನ್ನ ಮಾತು ತಪ್ಪು ಎಂಬುದು ಅಷ್ಟೂ ಜನರ ಕಣ್ಣೆದುರು ಬಿಚ್ಚಿಟ್ಟಂತಾಗುತ್ತದೆ.

“ಹಂತಿ ಕಟ್ಟಿ ಪೂಜಿ ಆದ ಮ್ಯಾಲ ರಾಶಿ ಆಗೋತನಾ ಎತ್ತು ಬಿಚ್ಚತಾರೇನಲೇ? ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಬಿಚ್ಚಿಲ್ಲ. ವಿಭೂತಿ ಹಚ್ಚಿದ ಗಾಲಿ ಇವು. ಮುಟ್ಟಬ್ಯಾಡ.”

ನನಗೆ ತಡೆಯಲಾಗಲಿಲ್ಲ. ಸೆರಗು ಮುಂದಕ್ಕೆಳೆದುಕೊಂಡು ಹತ್ತಿರ ಹೋದೆ. “ರೀ, ಶುಭ ಅಶುಭ ನೋಡಬ್ಯಾಡ್ರಿ ಅಂತ ನಮ್ಮ ಶರಣರೇ ಹೇಳ್ಯಾರ. ವಿಭೂತಿ ಮತ್ತ ಹಚ್ಚೋಣು. ಗಾಲಿ ಬಿಚ್ಚಲಿ ಬಿಡ್ರಿ. ಹುಡುಗನ ಬಾಳೇವು ಅದ ಇದರಾಗ.”

“ಹೆಂಗಸರ ಜಾಗಾ ಅಲ್ಲಿ ಅದ,” ಅಂದ ಅವನು ಕನಾತಿನ ಕಡೆ ಕೈ ತೋರಿಸಿ. ಆಮೇಲೆ ಬಕ್ಕಪ್ಪನಿಗೆ: “ಮೋಟಾರ ನಂದು. ಓಡಸೋದಿದ್ರ ಓಡಸು, ಇಲ್ಲಾಂದ್ರ ಇಳಿ. ಬ್ಯಾರೆ ಯಾರಾದ್ರೂ ಕೂಡ್ತಾರ.”

ಬಕ್ಕಪ್ಪ ಜಾಕನ್ನು ಒರೆಸಿ ಸೀಟಿನ ಕೆಳಗೆ ಇಟ್ಟ. ಅವನು ಉಣ್ಣುವ ಹಂಗಿನ ಅನ್ನ ಅಂಥದು, ಎದುರು ಮಾತಾಡಗೊಡುವುದಿಲ್ಲ. ನಮಾಜು ಮುಗಿಯಿತು, ಊಟ ಮುಗಿಯಿತು, ಪಾನು ಮುಗಿಯಿತು. ನಾಲ್ಕು ಸಲ ಗಾಲಿ ಬಿಚ್ಚಿ ಹಾಕುವಷ್ಟು ಹೊತ್ತು ನಮ್ಮ ಮೋಟಾರು ಹಾಗೇ ಬಿಸಿಲಲ್ಲಿ ನಿಂತಿತ್ತು.

ನವಾಬರು ಬಂದೂಕು ಹಾರಿಸಿದಾಗ ಆರೂ ಮೋಟಾರು ಒಂದೇ ಬಾಗಿಲಲ್ಲಿ ನುಗ್ಗುವ ದನಗಳ ಹಾಗೆ ಮೊದಲ ತಿರುವಿಗೆ ನುಗ್ಗಿದವು. ಕೆಂಪು ಧೂಳು ಎದ್ದು ಏನೂ ಕಾಣದಾಯಿತು. ತಗಡಿಗೆ ತಗಡು ತಾಕಿದ ಸದ್ದು ಮಾತ್ರ ಕೇಳಿಸಿತು. ಧೂಳು ಇಳಿದಾಗ ಎರಡು ಮೋಟಾರು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಹುಲ್ಲಿನ ಮೇಲೆ ನಿಂತಿದ್ದವು, ಅವುಗಳ ಡ್ರೈವರರು ಇಳಿದು ಒಬ್ಬರ ತಾಯಿಯನ್ನು ಒಬ್ಬರು ನೆನೆಯುತ್ತಿದ್ದರು. ಇನ್ನೊಂದರ ಇಂಜಿನ್ನು ಕುದಿದು ಹೊಗೆ ಬಿಟ್ಟಿತು. ಮತ್ತೊಂದು ಸುಮ್ಮನೆ ಹಿಂದೆ ಬಿತ್ತು. ಉಳಿದವರು ಗುರು ಶಿಷ್ಯ ಇಬ್ಬರೇ.

ನನ್ನ ತಮ್ಮ ಓಡಿಸಿದ ಚೆಂದವನ್ನು ನಾನು ಹೇಳಲೇಬೇಕು, ಯಾಕೆಂದರೆ ಆಮೇಲೆ ಯಾರೂ ಹೇಳಲಿಲ್ಲ. ಬಲಗಡೆಯ ಹಳೇ ಟೈರಿನ ಹೆದರಿಕೆ ಅವನಿಗಿತ್ತು. ಅದಕ್ಕೆ ತಿರುವಿನಲ್ಲಿ ಮೆತ್ತಗೆ, ಬಸುರಿಯನ್ನು ಕೂಡಿಸಿಕೊಂಡು ಹೋಗುವವನ ಹಾಗೆ ತಿರುಗುತ್ತಿದ್ದ. ನೆಟ್ಟಗಿನ ದಾರಿ ಬಂದ ಕೂಡಲೇ ಜೋರಾಗಿ ಬಿಡುತ್ತಿದ್ದ. ತಿರುವಿನಲ್ಲಿ ಖಾಸಿಂ ಅಲಿ ಹತ್ತಿರ ಬರುತ್ತಿದ್ದ, ನೆಟ್ಟಗಿನಲ್ಲಿ ಬಕ್ಕಪ್ಪ ಮುಂದೆ ಹೋಗುತ್ತಿದ್ದ. ಸುತ್ತಿನ ಮೇಲೆ ಸುತ್ತು ಹೀಗೇ ನಡೆಯಿತು. ಕನಾತಿನ ಹೆಂಗಸರು ಬುರ್ಖಾ ಎತ್ತಿ ನೋಡತೊಡಗಿದರು. ‘ಯಾರ ಹುಡುಗ ಅಂವ’ ಎಂದು ಒಬ್ಬಳು ಕೇಳಿದಳು. ನಮ್ಮವನು ಅಂದೆ. ಹಾಗೆ ಹೇಳುವಾಗ ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಕಡೆಯ ಸುತ್ತು ಎಂದು ನವಾಬರ ಮನುಷ್ಯ ಹಸಿರು ಬಟ್ಟೆ ಬೀಸಿದ. ಬಕ್ಕಪ್ಪನೇ ಮುಂದಿದ್ದ. ಕೊನೆಯ ತಿರುವಿನಲ್ಲಿ ಮೆತ್ತಗೇ ತಿರುಗಿದ್ದ ಪಾಪ, ಆದರೆ ಅಷ್ಟು ಸುತ್ತಿನ ತಿಕ್ಕಾಟಕ್ಕೆ ಮೋಚಿಯ ಹೊಲಿಗೆ ಎಷ್ಟೆಂದು ತಡೆದೀತು? ಮುಂದಿನ ಬಲಗಾಲಿ ಬಂದೂಕಿನ ಸದ್ದು ಮಾಡಿ ಒಡೆಯಿತು. ಮೋಟಾರು ದಾರಿ ಬಿಟ್ಟು ಭಾಲ್ಕಿಯ ಜನ ಕೂತಿದ್ದ ದಿಬ್ಬಕ್ಕೇ ತಿರುಗಿತು. ಬಕ್ಕಪ್ಪ ಎದ್ದು ನಿಂತು ಮೈಯೆಲ್ಲ ಸ್ಟೇರಿಂಗಿನ ಮೇಲೆ ಹಾಕಿ ಎಳೆದ. ಅದು ಒಮ್ಮೆ ಹಿಂದಕ್ಕೆ ಜಾಡಿಸಿ ಅವನ ಬಲ ಮಣಿಕಟ್ಟು ಮುರಿಯಿತು. ಮೋಟಾರು ಜನರನ್ನು ತಪ್ಪಿಸಿ ಹುಲ್ಲಿನಲ್ಲಿ ನಿಂತಿತು. ಖಾಸಿಂ ಅಲಿ ಪಕ್ಕದಲ್ಲೇ ಹಾದುಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ನಾನು ಓಡಿ ಹೋಗುವಷ್ಟರಲ್ಲಿ ಹಾವಗೆಪ್ಪ ಮಾತು ಶುರುಮಾಡಿಬಿಟ್ಟಿದ್ದ. ಹುಡುಗ ಹೆದರಿದನಂತೆ, ಅವಸರ ಮಾಡಿದನಂತೆ, ಟೈರಿಗೆ ಏನೂ ಆಗಿರಲಿಲ್ಲವಂತೆ. “ಕುಣಿಲಾರದಕಿ ನೆಲಾ ಡೊಂಕು ಅಂದ್ಲಂತ,” ಎಂದು ಅಲ್ಲಿದ್ದವರನ್ನು ನಗಿಸಲೂ ನೋಡಿದ. ಆ ದಿಬ್ಬದ ಮೇಲೆ ಕೂತಿದ್ದವರು, ನನ್ನ ತಮ್ಮ ಕೈ ಮುರಿದುಕೊಂಡು ಯಾರ ಜೀವ ಉಳಿಸಿದ್ದನೋ ಅವರು, ನಕ್ಕರು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಖಾಸಿಂ ಅಲಿ ಟಪಾಲು ಒಯ್ಯಲು ಭಾಲ್ಕಿಗೆ ಬಂದವನು ನಮ್ಮ ಮನೆಗೆ ಬಂದ. ಅವನ ಜೊತೆ ಔರಾದಿನಿಂದ ಶಿವರಾಜಪ್ಪನೂ ಇದ್ದ. ಇಬ್ಬರೂ ಪಡಸಾಲೆಯಲ್ಲಿ ಕೂತರು. ಬಕ್ಕಪ್ಪ ಕೈಗೆ ಬಿದಿರ ದಬ್ಬೆ ಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ನಾನು ಹಾಲು ಕಾಯಿಸಿ ತಂದಿಟ್ಟೆ.

“ಹಾವಗೆಪ್ಪಾರ, ಒಂದು ಮಾತು ಅದ,” ಅಂದ ಖಾಸಿಂ ಅಲಿ. “ಟಪಾಲಿಗೆ ದಿನಾ ಹೋಗಿ ಬರೋದು ನನ್ನ ಒಬ್ಬನ ಕೈಲೆ ಆಗೂದಿಲ್ಲರಿ. ಇನ್ನೊಬ್ಬ ಡ್ರೈವರ ಬೇಕು. ಬಕ್ಕಪ್ಪನ ಕೈ ಕೂಡಿದ ಮ್ಯಾಲ ಅವನ್ನ ತಗೋರಿ ಅಂತ ನವಾಬ ಸಾಹೇಬ್ರಿಗಿ ಕೇಳ್ದೆ. ಪಗಾರ ಕೊಡ್ತಾರ. ಆದ್ರ ಅವರು ಒಂದು ಕೇಳ್ಯಾರ. ಎಡಸುತ್ತು ಅಂತ ಗೊತ್ತಾದ ಮ್ಯಾಲನೂ ಹಳೇ ಟೈರು ಬಲಕ್ಕ ಇಟ್ಟವ ಯಾರು? ಡ್ರೈವರನೇ ಇಟ್ಟಿದ್ರ ಅಂಥವನ ಕೈಯಾಗ ಜನರ ಜೀವ ಕೊಡೂದಿಲ್ಲ ಅಂದ್ರು. ಮಾಲಕರು ಇಡಸಿದ್ರ ಹುಡುಗನ ತಪ್ಪಿಲ್ಲ ಅಂದ್ರು. ನಾ ಅಲ್ಲೇ ಇದ್ನಿ, ನನಗ ಗೊತ್ತದ. ಆದ್ರ ಪೈಪೋಟಿಯವನ ಮಾತು ನಡಿಯೂದಿಲ್ಲ. ನಿಮ್ಮ ಬಾಯಿಂದ ಬರಬೇಕು. ಶಿವರಾಜಪ್ಪಾರು ಸಾಕ್ಷಿ ಇರ್ತಾರ.”

ಶಿವರಾಜಪ್ಪ ಹೇಳಿದ: “ಪಗಾರ ಆದ್ರ ನನ್ನ ಮಾತು ಮಾತೇ ಅದರಿ. ಖೋಲಿನೂ ಖಾಲಿ ಅದ.”

ಒಂದೇ ಒಂದು ಮಾತು. ‘ನಾನೇ ಇಡಿಸಿದ್ದೆ’. ದುಡ್ಡು ಬೇಡ, ದುಗ್ಗಾಣಿ ಬೇಡ. ಹಾವಗೆಪ್ಪ ಹೊರಗೆ ನೋಡಿದ. ಕಟ್ಟೆಯ ಮೇಲೆ ನಾಲ್ಕು ಮಂದಿ ಕಿವಿ ಇಟ್ಟುಕೊಂಡು ಕೂತಿದ್ದರು. ಬಾಯಿಲ್ಲದ ಗಂಡಸಲ್ಲ ಅವನು. ಆ ಮಾತಿಗೆ ಮಾತ್ರ ಬಾಯಿ ಬರಲಿಲ್ಲ.

“ಅವನ್ನೇ ಕೇಳ್ರಿ,” ಅಂದ ಕಡೆಗೆ. “ಮೋಟಾರ ಅಂವ ನಡಸ್ತಿದ್ದ. ಗಾಲಿ ಅಂವ ಹಾಕ್ತಿದ್ದ.”

ನಾನು ಬಾಗಿಲು ದಾಟಿ ಪಡಸಾಲೆಗೆ ಬಂದೆ. ಆ ಮನೆಯಲ್ಲಿ ಪರ ಗಂಡಸರ ಮುಂದೆ ನಾನು ಹಾಗೆ ಬಂದು ನಿಂತದ್ದು ಅದೇ ಮೊದಲು.

“ಬಕ್ಕಪ್ಪ ಗಾಲಿ ಬಿಚ್ಚಲಿಕ್ಕ ಹೋಗಿದ್ದ. ಇವರು ಜಾಕು ಒದ್ದರು. ಪೂಜಿ ಆದ ಗಾಲಿ ಮುಟ್ಟಬ್ಯಾಡ ಅಂದ್ರು, ಮುಟ್ಟಿದ್ರ ಇಳಿ ಅಂದ್ರು. ನಾ ಬಾಜೂಕ ನಿಂತು ನೋಡೀನಿ. ಹೋಗಿ ನವಾಬ ಸಾಹೇಬ್ರಿಗಿ ಹೇಳ್ರಿ, ಗುರಮ್ಮ ಹೇಳ್ಯಾಳ ಅಂತ.”

ಹಾವಗೆಪ್ಪ ಮೆಲ್ಲಗೆ ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ.

“ಗಂಡನ್ನ ಸುಳ್ಳ ಅನ್ನೋ ಹೆಂಡ್ತಿ ಈ ಮನ್ಯಾಗ ಇರೂದಿಲ್ಲ. ತಮ್ಮನ ಮಾತು ಮ್ಯಾಲಾದ್ರ ತಮ್ಮನ ಜೋಡಿ ನೀನೂ ನಡಿ. ನನಗ ಮನಿ ತುಂಬಸ್ಲಿಕ್ಕ ಮಕ್ಕಳು ಹಡಿಯೋ ಹೆಣ್ಣ ಹ್ಯಾಂಗೂ ಬೇಕಾಗ್ಯಾಳ.”

ಆಗಲಿ ಅಂದುಕೊಂಡೆ. ದೇವರಾಣೆ, ಆಗಲಿ ಅಂದುಕೊಂಡೆ. ನನ್ನ ಎದೆ ಹಗುರಾಯಿತು. ಔರಾದಿನ ಖೋಲಿಯಲ್ಲಿ ಶಾಂತಾಬಾಯಿಯ ಜೊತೆ ರೊಟ್ಟಿ ಬಡಿದುಕೊಂಡು, ಅವಳ ಮಕ್ಕಳನ್ನು ಎತ್ತಿಕೊಂಡು ಇರುತ್ತೇನೆ ಎಂಬಲ್ಲಿಗೂ ಹೋಯಿತು ಮನಸ್ಸು. ‘ನಡೀತೇನಿ’ ಎಂದು ಬಾಯಿ ತೆರೆದಿದ್ದೆ.

“ಇಲ್ಲರಿ,” ಅಂದ ಬಕ್ಕಪ್ಪ.

ಎಲ್ಲರೂ ಅವನ ಕಡೆ ನೋಡಿದರು. ಅವನು ನನ್ನನ್ನು ನೋಡಲಿಲ್ಲ, ಗುರುವಿನ ಕಡೆ ನೋಡಿದ.

“ಗಾಲಿ ನಾನೇ ಹಂಗ ಇಟ್ಟಿದ್ದೆ ಉಸ್ತಾದ. ಭಾವ ಏನೂ ಅಂದಿಲ್ಲ. ಅಕ್ಕಗ ಮೋಟಾರಿಂದು ಏನ್ ತಿಳೀತದರಿ? ನನ್ನ ಮ್ಯಾಲಿನ ಮಾಯಾದಿಂದ ಸುಳ್ಳ ಹೇಳ್ತಾಳ.”

ಖಾಸಿಂ ಅಲಿ ಎದ್ದು ಟೊಪ್ಪಿಗೆ ಸರಿಮಾಡಿಕೊಂಡು, ನನಗೆ ಸಲಾಮು ಮಾಡಿ ಹೊರಗೆ ಹೋದ. ಶಿವರಾಜಪ್ಪನೂ ಎದ್ದ. ಹಾಲು ಮುಟ್ಟಿರಲಿಲ್ಲ. ಕಟ್ಟೆಯ ಮೇಲಿನವರು ‘ನೋಡ್ದ್ಯಾ, ಹುಡುಗ ಖುದ್ದ ಒಪ್ಕೊಂಡ’ ಎಂದು ಮಾತಾಡಿಕೊಳ್ಳುವುದು ಒಳಗೆ ಕೇಳಿಸಿತು.

ನನ್ನ ಸಂಸಾರ ಉಳಿಸಿದೆ ಎಂದು ನನ್ನ ತಮ್ಮ ತಿಳಿದ. ಯಾವ ಸಂಸಾರ? ನಾನು ಬಿಟ್ಟು ಹೊರಟಿದ್ದೆ, ಒಂದು ಕಾಲು ಎತ್ತಿದ್ದೆ. ಬೇಕೇನಕ್ಕ ಎಂದು ಅವನು ನನ್ನನ್ನು ಒಂದು ಮಾತು ಕೇಳಲಿಲ್ಲ. ಹಂಗಿನ ಅನ್ನ ಉಂಡು ಉಂಡು, ಆ ಮನೆಯಿಂದ ಹೊರಹಾಕಿಸಿಕೊಳ್ಳುವುದಕ್ಕಿಂತ ದೊಡ್ಡ ಕೇಡು ಲೋಕದಲ್ಲಿಲ್ಲ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾವಗೆಪ್ಪನ ಮೇಲಿನ ನನ್ನ ಸಿಟ್ಟು ಹಳೆಯದು, ಅದರ ಜೊತೆ ಬದುಕಲು ಕಲಿತಿದ್ದೇನೆ. ಬಕ್ಕಪ್ಪನ ಮೇಲಿನದು ಮಾತ್ರ ಇಂದಿಗೂ ಗಂಟಲಲ್ಲೇ ಇದೆ, ಇಳಿಯುವುದಿಲ್ಲ.

ಆ ದಿನ ಊಟಕ್ಕೆ ಕೂತಾಗ ಹಾವಗೆಪ್ಪ ಮೊದಲ ಸಲ ಅವನನ್ನು ತನ್ನ ಬಗಲಲ್ಲಿ ಕೂಡಿಸಿಕೊಂಡ.

“ನನ್ನ ಮನಿ ಹುಡುಗ ಇಂವ,” ಅಂದ. “ಗುರಮ್ಮ, ಅವಗ ಇನ್ನೊಂದು ರೊಟ್ಟಿ ಹಾಕು.”

ನಾನು ಹಾಕಿದೆ. ಬಕ್ಕಪ್ಪ ತಲೆ ಬಗ್ಗಿಸಿಕೊಂಡು ತಿಂದ.